ಎರಡು ನೂಲಿನ ಅಳತೆ

ನಮ್ಮ ಮನೆಯಲ್ಲಿ ನನಗೊಂದು ಅಡ್ಡಹೆಸರಿದೆ, 'ಅಂದ್ರೆ ಎಷ್ಟು' ಅಂತ. ಇಟ್ಟವಳು ಮಗಳು, ಕೂಡಲೇ ಒಪ್ಪಿಕೊಂಡವರು ಉಳಿದವರೆಲ್ಲರೂ. ಹಾಲಿನವನು 'ನಾಳೆ ಸ್ವಲ್ಪ ತಡ ಆಯ್ತದೆ' ಅಂದರೆ, ಸ್ವಲ್ಪ ಅಂದ್ರೆ ಎಷ್ಟು ಎಂದು ಕೇಳುತ್ತೇನೆ. ದರ್ಜಿ 'ತೋಳು ಒಂಚೂರು ಬಿಡ್ತೀನಿ ಮೇಡಂ' ಅಂದರೆ ಆ ಒಂಚೂರನ್ನು ಟೇಪಿನ ಮೇಲೆ ತೋರಿಸುವವರೆಗೂ ಅಂಗಡಿಯಿಂದ ಕದಲುವುದಿಲ್ಲ. ಡಾಕ್ಟರು 'ಬಿಸಿನೀರು ಚೆನ್ನಾಗಿ ಕುಡೀರಿ' ಅಂದಾಗಲೂ ಕೇಳಿಬಿಟ್ಟೆ. ಅವರು ಕನ್ನಡಕ ತೆಗೆದು ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. ಎಷ್ಟು ಹೊತ್ತು ಎಂದು ಕೇಳಬೇಡಿ, ಅದು ನನ್ನ ಹಕ್ಕು.

ಹೋದ ವಾರ ಅಡುಗೆಮನೆಯ ಬಾಗಿಲು ನೆಲಕ್ಕೆ ಉಜ್ಜುತ್ತಿದೆ ಎಂದು ಬಡಗಿಯನ್ನು ಕರೆಸಿದ್ದೆವು. ಆತ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು, ಬಗ್ಗಿ ನೋಡಿ, 'ಎರಡು ನೂಲು ಕೆತ್ತಿದ್ರೆ ಸಾಕು ಮೇಡಂ' ಎಂದ. ಮಗಳು ನನ್ನ ಮುಖ ನೋಡಿದಳು, ಈಗ ಅಮ್ಮ ಕೇಳುತ್ತಾಳೆ ಎಂದು. ನಾನು ಕೇಳಲಿಲ್ಲ. ಕಾಫಿ ಇಡುತ್ತೇನೆಂದು ಒಳಗೆ ಹೋದೆ. ಎರಡು ನೂಲು ಎಂದರೆ ಎಷ್ಟು ಎಂಬುದೊಂದು ನನಗೆ ಚೆನ್ನಾಗಿ ಗೊತ್ತು. ಅದು ಗೊತ್ತಾದ ದಿನದಿಂದಲೇ ಈ ಕೇಳುವ ಚಾಳಿ ಅಂಟಿಕೊಂಡದ್ದು.

ಆಗ ನಾನು ಕೊಳ್ಳೇಗಾಲದಲ್ಲಿ ಒಂಬತ್ತನೇ ಕ್ಲಾಸು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಿಮ್ಮ ಸ್ಕೂಲಿನಲ್ಲೂ ಕಾರ್ಯಾನುಭವ ಅಂತ ಒಂದು ಪೀರಿಯಡ್ ಇದ್ದಿರಬೇಕು. ಅದರಲ್ಲಿ ನಾವು ಲಕೋಟೆ ಅಂಟಿಸುತ್ತಿದ್ದೆವು, ಸೀಮೆಸುಣ್ಣ ಮಾಡುತ್ತಿದ್ದೆವು, ಆ ಸೀಮೆಸುಣ್ಣ ಬೋರ್ಡಿನ ಮೇಲೆ ಬರೆಯುವುದೊಂದು ಬಿಟ್ಟು ಮಿಕ್ಕೆಲ್ಲ ಮಾಡುತ್ತಿತ್ತು. ಆ ವರ್ಷ ಮೇಷ್ಟ್ರಿಗೆ ಹೊಸ ಹುರುಪು ಬಂತು. ಬೇಸಿಗೆ ರಜೆಯಲ್ಲಿ ಪ್ರತಿಯೊಬ್ಬರೂ ಹದಿನೈದು ದಿನ ಒಂದು ಕೆಲಸದ ಜಾಗಕ್ಕೆ ಹೋಗಬೇಕು, ಏನು ಮಾಡಿದೆವೆಂದು ಒಂದು ಫಾರಂ ತುಂಬಿ, ಅಲ್ಲಿಯ ಯಜಮಾನರ ಸೈನು ಹಾಕಿಸಿಕೊಂಡು ಬರಬೇಕು. ಇದನ್ನು ಈಗಿನ ಮಕ್ಕಳು ಇಂಟರ್ನ್‌ಶಿಪ್ ಎಂದು ಬಹಳ ಗತ್ತಿನಿಂದ ಹೇಳುತ್ತಾರೆ. ನಾವು 'ಸೈನ್ ಆಕಿಸ್ಕಂಡ್ ಬರೋದು' ಅನ್ನುತ್ತಿದ್ದೆವು.

ಯಾರನ್ನು ಎಲ್ಲಿಗೆ ಕಳಿಸುವುದು? ದೊಡ್ಡವರಾದ ಮೇಲೆ ಏನಾಗುತ್ತೀರಿ ಎಂದು ಮೇಷ್ಟ್ರು ಸಾಲಾಗಿ ಕೇಳುತ್ತಾ ಬಂದರು. ನನ್ನ ಮುಂದಿನವರೆಲ್ಲ ಡಾಕ್ಟರು, ಟೀಚರು, ನರ್ಸು, ಬ್ಯಾಂಕು ಎಂದು ಒಳ್ಳೊಳ್ಳೆಯದನ್ನೆಲ್ಲ ಮುಗಿಸಿಬಿಟ್ಟರು. ನನಗೋ, ಹಾಜರಿ ಕೂಗುವಾಗ 'ಪ್ರೆಸೆಂಟ್ ಸಾರ್' ಎನ್ನುವುದಕ್ಕೂ ಮೂರು ಹೆಸರು ಮೊದಲಿನಿಂದ ಎದೆ ಬಡಿದುಕೊಳ್ಳುತ್ತಿತ್ತು. ನನ್ನ ಸರದಿ ಬಂದಾಗ ಬಾಯಿಗೆ ಬಂದದ್ದು 'ಇಂಜಿನಿಯರ್ ಸಾರ್'. ಕ್ಲಾಸು ನಕ್ಕಿತು. ಮೇಷ್ಟ್ರು ನಗಲಿಲ್ಲ, ಬರೆದುಕೊಂಡರು. ಅದೇ ಹೆದರಿಕೆಯ ವಿಷಯವಾಗಿತ್ತು.

ಕೊಳ್ಳೇಗಾಲದಲ್ಲಿ ಅವರಿಗೆ ಗೊತ್ತಿದ್ದ ಇಂಜಿನಿಯರಿಂಗ್ ಕಂಪನಿ ಒಂದೇ. ಹನೂರು ರಸ್ತೆಯ ಕಡೆ ತಗಡಿನ ಶೆಡ್ಡು, ಬೋರ್ಡಿನಲ್ಲಿ ದೇವರ ಹೆಸರು, ಅದರ ಕೆಳಗೆ 'ಇಂಜಿನಿಯರಿಂಗ್ ವರ್ಕ್ಸ್'. 'ಬೋರ್ಡಲ್ಲೇ ಬರೆದಿದೆಯಲ್ಲಮ್ಮ ಶಾರದಾ, ಇನ್ನೇನು ಬೇಕು?' ಎಂದರು. ಹೆಡ್ಮಾಸ್ತರು ಮಾತ್ರ, 'ಹೆಣ್ಣುಮಗೀನ ಅಲ್ಲಿಗೆ ಯಾಕ್ರೀ ಕಳಿಸ್ತೀರ, ಏನಾದ್ರೂ ಎಡವಟ್ಟು ಮಾಡ್ಕೊಂಡ್ರೆ?' ಎಂದು ನನ್ನ ಎದುರಿಗೇ ಅಂದರು. ಆ 'ಎಡವಟ್ಟು' ನನ್ನ ಜೊತೆಯಲ್ಲೇ ಮನೆಗೆ ಬಂತು.

ನಮ್ಮದು ನೇಯುವವರ ಮನೆ. ನಡುಮನೆಯಲ್ಲಿ ಮಗ್ಗ, ಅದರ ಸುತ್ತ ಉಳಿದ ಜಾಗದಲ್ಲಿ ನಾವು. ರೇಷ್ಮೆ ನೂಲಿನ ಎಳೆ ನಮ್ಮ ಬಟ್ಟೆಯಲ್ಲಿ, ತಲೆಗೂದಲಲ್ಲಿ, ಒಮ್ಮೊಮ್ಮೆ ಸಾರಿನಲ್ಲಿಯೂ ಇರುತ್ತಿತ್ತು. ಮಗ್ಗದ ಉದ್ದಕ್ಕೆ ಬಿಗಿದ ಹಾಸಿನಲ್ಲಿ ಒಂದೆಳೆ ಕಿತ್ತುಹೋದರೆ ಅಪ್ಪ ಮಗ್ಗ ನಿಲ್ಲಿಸಿ 'ಶಾರದಾ' ಎಂದು ಕೂಗುತ್ತಿದ್ದರು. ನಾನು ಓಡಿಹೋಗಿ ಬೆರಳು ಒದ್ದೆ ಮಾಡಿಕೊಂಡು, ಸಾವಿರ ಎಳೆಗಳ ನಡುವೆ ಆ ಒಂದನ್ನು ಹುಡುಕಿ ಗಂಟು ಹಾಕಬೇಕು. ಇದೊಂದು ವಿಷಯದಲ್ಲಿ ಮಾತ್ರ ನನಗೆ ಹೆದರಿಕೆ ಇರಲಿಲ್ಲ. ನೂಲಿನ ದಪ್ಪ, ತೆಳು, ಹುರಿ ಎಲ್ಲ ಬೆರಳಿಗೇ ಗೊತ್ತಿತ್ತು. ಅಪ್ಪ ಫಾರಂ ನೋಡಿ, 'ಮಗ್ಗನೂ ಮಿಷನ್ನೇ ಅಲ್ವಾ, ಓಗಿ ಬರ್ಲಿ ಬುಡು' ಎಂದರು. ಅಮ್ಮ ಹಳೇ ಲಂಗ ಎರಡನ್ನು ತೆಗೆದಿಟ್ಟಳು, ಗ್ರೀಸು ಹತ್ತಿದರೂ ಪರವಾಗಿಲ್ಲ ಎಂದು.

ವರ್ಕ್‌ಶಾಪಿನ ಯಜಮಾನರು ಆರ್ಮುಗಂ ಮೇಸ್ತ್ರಿ. ಸತ್ಯಮಂಗಲದ ಕಡೆಯಿಂದ ಘಾಟಿ ಹತ್ತಿ ಬಂದು ಮೂವತ್ತು ವರ್ಷವಾಗಿತ್ತು. ಅವರ ಕನ್ನಡ ಪೂರಾ ನಮ್ಮದೇ, ಸಿಟ್ಟು ಮಾತ್ರ ತಮಿಳಿನಲ್ಲಿ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, 'ಅಮ್ಮಣಿ, ಕೈ ಹಿಂದಕ್ಕೆ ಕಟ್ಟು' ಎಂದರು. ಕಟ್ಟಿದೆ. 'ಹಂಗೇ ಇರ್ಬೇಕು, ಹದಿನೈದು ದಿನ. ಕಣ್ಣಲ್ಲಿ ಕಲಿ. ಕೈ ಮುಂದಕ್ಕೆ ಬಂದ್ರೆ ಮನೆಗೆ ಹೋಗ್ಬೇಕು.'

ಹಾಗೆ ನಾನು ಇಂಜಿನಿಯರಿಂಗ್ ಕಲಿಯಲು ನಿಂತೆ. ಅಲ್ಲಿ ಹೆಂಗಸರಿಗೆ ಅಂತ ಒಂದು ಕಕ್ಕಸು ಇರಲಿಲ್ಲ. ಹಾಗಾಗಿ ಬೆಳಿಗ್ಗೆಯಿಂದ ನೀರು ಕುಡಿಯುತ್ತಿರಲಿಲ್ಲ. ಏಪ್ರಿಲ್ ತಿಂಗಳ ತಗಡಿನ ಶೆಡ್ಡು, ಒಣಗಿದ ಬಾಯಿ, ಹಿಂದೆ ಕಟ್ಟಿದ ಕೈ. ಕಬ್ಬಿಣ ಕಡೆಯುವ ಲೇತ್ ಯಂತ್ರ ಸುತ್ತುವಾಗ ಕಬ್ಬಿಣದ ಸಿಪ್ಪೆ ಸುರುಳಿ ಸುರುಳಿಯಾಗಿ ಬರುವುದು ಚೆಂದವಾಗಿತ್ತು. ಆದರೆ ಬೆಲ್ಟು ಜಡೆ ಎಳೆದುಕೊಂಡರೆ ಎಂದು ಜಡೆಯನ್ನು ಮಡಚಿ ಕಟ್ಟಿ, ಆಮೇಲೆ ಆ ಕಟ್ಟು ಬಿಚ್ಚಿಹೋದರೆ ಎಂದು ಹೆದರುತ್ತಿದ್ದೆ. ವೆಲ್ಡಿಂಗ್ ಬೆಳಕು ನೋಡಿದರೆ ಕಣ್ಣು ಹೋಗುತ್ತದೆ ಎಂದಿದ್ದರು. ನೋಡದೆಯೂ ರಾತ್ರಿ ಕಣ್ಣುರಿಯುತ್ತಿದೆ ಅನ್ನಿಸುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಚಿಂತೆ ಫಾರಂನದು. 'ವಿದ್ಯಾರ್ಥಿಯು ಮಾಡಿದ ಕೆಲಸ' ಎಂಬಲ್ಲಿ ಎಂಟು ಗೆರೆ ಖಾಲಿ ಬಿಟ್ಟಿದ್ದರು. ಎಂಟು ದಿನ ಕಳೆದರೂ ಮೊದಲ ಗೆರೆಗೆ ಬರೆಯಲು ನನ್ನ ಹತ್ತಿರ ಏನೂ ಇರಲಿಲ್ಲ.

ಮೇಸ್ತ್ರಿಯ ಕೈಕೆಳಗೆ ಕೆಲಸಕ್ಕಿದ್ದವನು ಮಾದೇಶ. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು, ಹನೂರಿನ ಹತ್ತಿರದ ಹಳ್ಳಿ, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ. ಆರು ವರ್ಷದಿಂದ ರಾಡು ಕೊಯ್ಯುವುದು, ಎಣ್ಣೆ ಬಿಡುವುದು, ಮೇಸ್ತ್ರಿ ಇಲ್ಲದಾಗ ಲೇತ್ ನಡೆಸುವುದು. ಅಷ್ಟರಲ್ಲಿ ಯಳಂದೂರಿನ ಒಂದು ಅಕ್ಕಿಗಿರಣಿಯವರು ಯಂತ್ರ ತಿರುಗಿಸುವ ಕಬ್ಬಿಣದ ಶಾಫ್ಟು ತುಂಡಾಯಿತೆಂದು ಓಡಿಬಂದರು. ಮದುವೆ ಕಾಲ, ಗಿರಣಿಯ ಮುಂದೆ ಭತ್ತದ ಮೂಟೆ ಸಾಲಾಗಿ ಬಿದ್ದಿದ್ದವಂತೆ. ಮೇಸ್ತ್ರಿ ಬೇರಿಂಗ್ ತರಲು ಮೈಸೂರಿಗೆ ಹೊರಡುವಾಗ ಮಾದೇಶನಿಗೆ ಹೇಳಿದರು: 'ಶಾಫ್ಟು ನೀನೇ ಮಾಡು. ಸರಿಯಾಗಿ ಕೂತ್ರೆ ಸಣ್ಣ ಲೇತ್ ಇನ್ನು ನಿಂದು. ನಾನು ಬಾಯಿ ಹಾಕಲ್ಲ.' ಮಾದೇಶ ಹೋಗಿ ಸಣ್ಣ ಲೇತನ್ನು ಬಟ್ಟೆಯಲ್ಲಿ ಒರೆಸಿದ, ಅದಾಗಲೇ ಒರೆಸಿದ್ದರೂ.

ಮೇಸ್ತ್ರಿ ಊರಲ್ಲಿಲ್ಲ ಎಂದು ನಾನು ಕೈ ಮುಂದಕ್ಕೆ ತಂದೆ. 'ಮಾದೇಶಣ್ಣ, ನಂಗೂ ಏನಾದ್ರೂ ಕೆಲ್ಸ ಕೊಡು, ಫಾರಂಗೆ ಬರೀಬೇಕು' ಎಂದು ಬೆಳಿಗ್ಗೆಯಿಂದ ದುಂಬಾಲು ಬಿದ್ದೆ. ಅವನು ಮೊದಲು 'ಮೇಸ್ತ್ರಿ ಬಯ್ತಾರೆ ಕಣವ್ವ, ಸುಮ್ನಿರು' ಎಂದ. ಮಧ್ಯಾಹ್ನ ಯಾರೋ ಪಂಪ್‌ಸೆಟ್ ಹೊತ್ತು ತಂದು ಗಲಾಟೆ ಮಾಡತೊಡಗಿದಾಗ, ಅತ್ತ ಓಡುತ್ತಾ ರಾಡು ತೋರಿಸಿ ಹೇಳಿದ: 'ಓಗ್ಲಿ, ಇದ್ಕೊಂದು ಗೆರೆ ಆಕು. ಮೂರಡಿ ನಾಕಿಂಚು, ಎರಡು ನೂಲು ಜಾಸ್ತಿ ಬುಡು. ಮರೀಬ್ಯಾಡ, ಎರಡು ನೂಲು.'

ಮರೆಯುವುದೇ? ನೂಲಿನ ಮನೆಯ ಹುಡುಗಿಗೆ ನೂಲಿನ ಲೆಕ್ಕ ಹೇಳುತ್ತಾನಲ್ಲ ಎಂದು ನನಗೆ ಒಳಗೊಳಗೇ ನಗು ಬಂತು. ರಾಡಿಗೆ ಸೀಮೆಸುಣ್ಣ ತಿಕ್ಕಿದೆ. ಸ್ಟೀಲ್ ಸ್ಕೇಲ್ ಇಟ್ಟು ಮೂರಡಿ ನಾಲ್ಕಿಂಚು ಮೂರು ಸಲ ಅಳೆದೆ. ಆಮೇಲೆ ಲಂಗದ ಅಂಚಿಗೆ ಅಂಟಿಕೊಂಡಿದ್ದ ರೇಷ್ಮೆಯ ಎರಡು ಎಳೆ ಬಿಡಿಸಿಕೊಂಡು, ಉಗುಳು ಹಚ್ಚಿ, ಅಳತೆಯ ತುದಿಯಲ್ಲಿ ಒತ್ತೊತ್ತಾಗಿ ಕೂರಿಸಿ, ಅವುಗಳ ಆಚೆ ಅಂಚಿನಲ್ಲಿ ಚೂಪು ಕಡ್ಡಿಯಿಂದ ಗೀರಿದೆ. ಉಸಿರು ಬಿಗಿಹಿಡಿದು ಮಾಡಿದ ಕೆಲಸ. ಫಾರಂನ ಮೊದಲ ಗೆರೆಯಲ್ಲಿ 'ಶಾಫ್ಟಿಗೆ ಅಳತೆ ಗುರುತು ಮಾಡಿದ್ದು' ಎಂದು ದುಂಡಗೆ ಬರೆದೆ.

ಮಾದೇಶ ಬಂದು, ಗೆರೆ ನೋಡಿ, 'ಪರ್ವಾಗಿಲ್ವೇ, ಕೂದ್ಲು ಎಳದಂಗೆ ಆಕಿದ್ದೀಯಲ್ಲ' ಎಂದು ಮೆಚ್ಚಿಕೊಂಡು ಕೊಯ್ದ. ಎರಡೂ ತುದಿಯನ್ನು ಲೇತಿನಲ್ಲಿ ಹಿಡಿದು ನಯ ಮಾಡಿದ. ಮರುದಿನ ಮೈಸೂರಿನಿಂದ ಬಂದ ಮೇಸ್ತ್ರಿ ಅವಸರದಲ್ಲಿ ದಪ್ಪ ಅಳೆದು ತಲೆಯಾಡಿಸಿದರು. ಉದ್ದ ಅಳೆಯಲಿಲ್ಲ. 'ನೀನೂ ಬಾ ಅಮ್ಮಣಿ, ಇಂಜಿನಿಯರಿಂಗ್ ಅಂದ್ರೆ ಏನು ಅಂತ ನೋಡು. ನಿಮ್ಮಪ್ಪನ್ನ ಕೇಳಿದ್ದೀನಿ' ಎಂದರು. ಮೂವರೂ ಯಳಂದೂರಿನ ಬಸ್ಸು ಹತ್ತಿದೆವು. ಗೋಣಿಯಲ್ಲಿ ಸುತ್ತಿದ ಶಾಫ್ಟನ್ನು ಮಾದೇಶ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಿದ್ದ. ಕಂಡಕ್ಟರು ಕೆಳಗಿಡು ಎಂದರೂ ಇಡಲಿಲ್ಲ.

ಗಿರಣಿಯಲ್ಲಿ ಜಾತ್ರೆಯಷ್ಟು ಜನ ಕಾಯುತ್ತಿದ್ದರು. ಶಾಫ್ಟಿನ ಈ ತುದಿ ಬೇರಿಂಗಿನಲ್ಲಿ ಕೂತಿತು. ಆ ತುದಿ ಕೂರಲಿಲ್ಲ. ಆ ತುದಿಗೆ ತಳ್ಳಿದರೆ ಈ ತುದಿ ಬಾಯಿ ಬಿಡುತ್ತಿತ್ತು. ಮೇಸ್ತ್ರಿ ಟೇಪು ಹಿಡಿದರು. ಎರಡನೇ ಸಲ ಹಿಡಿದರು. ಆಮೇಲೆ ಎದ್ದು ನಿಂತು, ತಮಿಳಿನಲ್ಲಿ ಶುರುಮಾಡಿ ಕನ್ನಡಕ್ಕೆ ಬಂದರು.

'ಡೇ ಮಾದೇಶಾ! ಎರಡು ನೂಲು ಬಿಡು ಅಂದ್ನಲ್ಲಾ! ಎರಡು ನೂಲು ಅಂದ್ರೆ ಕಾಲಿಂಚು ಅಂತ ನಿಂಗೆ ಇವತ್ತು ನಾನು ಹೇಳ್ಕೊಡಬೇಕಾ? ತುದಿ ನಯ ಮಾಡಕ್ಕೆ ಬಿಡೋ ಕಾಲಿಂಚು ಎಲ್ಲೋಯ್ತು?'

ಕಾಲಿಂಚು. ತಮಿಳು ಕಡೆಯ ಕೆಲಸಗಾರರ ಲೆಕ್ಕದಲ್ಲಿ ಒಂದು ನೂಲು ಎಂದರೆ ಇಂಚಿನ ಎಂಟನೇ ಒಂದು ಭಾಗ. ಇದು ಆ ಗಿರಣಿಯಲ್ಲಿದ್ದ ಮೂಟೆ ಹೊರುವವರಿಗೂ ಗೊತ್ತಿದ್ದಂತೆ ಕಂಡಿತು. ಗೊತ್ತಿಲ್ಲದವಳು ನಾನೊಬ್ಬಳೇ. ಮಾದೇಶ ಒಂದು ಗಳಿಗೆ ನನ್ನ ಕಡೆ ನೋಡಿದ. ಅದರಲ್ಲಿ ಬೈಗುಳ ಇರಲಿಲ್ಲ. ನನಗೂ ಆಗ ಅರ್ಥವಾಗದ ಒಂದು ಆಶ್ಚರ್ಯವಷ್ಟೇ ಇತ್ತು. ಆಮೇಲೆ ತಲೆ ತಗ್ಗಿಸಿ, 'ತಪ್ಪಾಯ್ತು ಮೇಸ್ತ್ರಿ' ಎಂದ. ನಾನು ಹೇಳಬೇಕಾಗಿತ್ತು, ಆಗಲೇ, ಅಲ್ಲೇ. ಬಾಯಿ ತೆರೆದೆ ಕೂಡ. ಹೆಡ್ಮಾಸ್ತರ 'ಎಡವಟ್ಟು' ನೆನಪಾಯಿತು, ಫಾರಂ ನೆನಪಾಯಿತು, ಮುಚ್ಚಿಕೊಂಡೆ.

ಗಿರಣಿಯ ಯಜಮಾನರು, 'ಇವ್ನ ಕೈಲಾ ನೀವು ಮಾಡ್ಸಿದ್ದು?' ಎಂದು ಎಲ್ಲರಿಗೂ ಕೇಳುವಂತೆ ನಕ್ಕರು. ಜನವೂ ನಕ್ಕಿತು. ಮೇಸ್ತ್ರಿಗೆ ಅದು ಚುಚ್ಚಿತೆಂದು ಕಾಣುತ್ತದೆ. 'ನಾಳೆಯಿಂದ ನೀನು ಬರ್ಬೇಡ. ಊರಲ್ಲೇ ಇದ್ದು ಎಮ್ಮೆ ಕಾಯಿ' ಎಂದುಬಿಟ್ಟರು. ಇನ್ನು ಎರಡು ದಿನದಲ್ಲಿ ಬೇರೆ ಶಾಫ್ಟು ತಂದು ಕೂರಿಸುವುದಾಗಿ ಒಪ್ಪಿಕೊಂಡು ಹೊರಟೆವು.

ವಾಪಸ್ ಬರುವ ಬಸ್ಸಿನ ಆ ದಾರಿಯನ್ನು ನಾನು ಈಗಲೂ ಅಷ್ಟು ಸುಲಭವಾಗಿ ದಾಟಲಾರೆ. ಮೇಸ್ತ್ರಿ ಮುಂದಿನ ಸೀಟು, ನಾನು ಅವರ ಹಿಂದೆ, ಮಾದೇಶ ಕೊನೆಯ ಸಾಲಿನಲ್ಲಿ. ದಾರಿಯಲ್ಲಿನ ಊರು ಅಗರ ಬರಲಿ, ಹೇಳುತ್ತೇನೆ ಎಂದುಕೊಂಡೆ. ಅಗರ ಬಂತು, ಒಬ್ಬಾಕೆ ಎರಡು ಕೋಳಿ ಹಿಡಿದು ಹತ್ತಿ ನನ್ನ ಪಕ್ಕ ಕೂತಳು. ಕೋಳಿಯ ಗಲಾಟೆಯಲ್ಲಿ ಇಂಥ ಮಾತು ಹೇಗೆ ಆಡುವುದು? ಆಕೆ ಇಳಿಯಲಿ ಎಂದುಕೊಂಡೆ. ಇಳಿದಳು. ಈಗ ಬಸ್ಸು ಓಡುತ್ತಿದೆ, ಮೇಸ್ತ್ರಿಗೆ ನಿದ್ದೆ ಬಂದಿರಬಹುದು, ಎಬ್ಬಿಸಿ ಹೇಳಿದರೆ ಇನ್ನೂ ಸಿಟ್ಟು ಬರುತ್ತದೆ. ನಾಳೆ ಅಪ್ಪನನ್ನು ಕರೆದುಕೊಂಡು ಬಂದು ಹೇಳಿದರೆ ಹೇಗೆ? ಕಾಗದ ಬರೆದರೆ? ಪುಕ್ಕಲರಿಗೆ ಕಾರಣಗಳ ಬರ ಇರುವುದಿಲ್ಲ ನೋಡಿ. ಒಂದು ಮುಗಿಯುವುದರೊಳಗೆ ಇನ್ನೊಂದು ಸಿದ್ಧ. ಕಿಟಕಿಯ ಕಂಬಿಗೆ ಹಣೆ ಒತ್ತಿಕೊಂಡು ಕೂತೆ.

ಕೊಳ್ಳೇಗಾಲದ ಸ್ಟ್ಯಾಂಡಿನಲ್ಲಿ ಹನೂರಿನ ಬಸ್ಸು ಆಗಲೇ ಗುರುಗುಟ್ಟುತ್ತಾ ನಿಂತಿತ್ತು. ಮಾದೇಶ ಗೋಣಿಯ ಗಂಟನ್ನು ಮೇಸ್ತ್ರಿಯ ಕಾಲ ಬಳಿ ಇಟ್ಟು, 'ಓಯ್ತೀನಿ ಮೇಸ್ತ್ರಿ' ಎಂದ. ಅವರು ಬೇರೆ ಕಡೆ ನೋಡುತ್ತಿದ್ದರು. ಅವನು ನಡೆದುಹೋಗಿ ಹನೂರಿನ ಬಸ್ಸು ಹತ್ತಿದ. ಇನ್ನು ಇವನು ಬರುವುದಿಲ್ಲ ಎಂಬುದು ಆಗ ನಿಜವಾಗಿ ಮನಸ್ಸಿಗೆ ಇಳಿಯಿತು. ಆರು ವರ್ಷದ ಕೆಲಸ, ಅವನು ಒರೆಸಿಟ್ಟ ಲೇತು, ನನ್ನ ಎರಡು ಎಳೆ ರೇಷ್ಮೆಯಿಂದ ಹೋಗುತ್ತದೆ. ನನಗೆ ಅಳು ಬಂತು, ಅಳುತ್ತಲೇ ಹೇಳಿದೆ.

'ಮೇಸ್ತ್ರಿ, ಗೆರೆ ಹಾಕಿದ್ದು ನಾನು.'

'ಏನು?'

ಲಂಗದ ಅಂಚಿನಿಂದ ಎರಡು ಎಳೆ ಕಿತ್ತು ಅವರ ಅಂಗೈಯಲ್ಲಿಟ್ಟೆ. 'ಎರಡು ನೂಲು' ಎಂದೆ. ಅವರು ಕನ್ನಡಕ ಏರಿಸಿ ನೋಡಿದರು, ಕೈಯನ್ನು ಬಿಸಿಲಿಗೆ ಹಿಡಿದು ನೋಡಿದರು. ಅವರಿಗೆ ಅರ್ಥವಾದದ್ದು ಮುಖದಲ್ಲಿ ಕಂಡಿತು. 'ಐಯೋ, ಅಮ್ಮಣಿ! ಮೂವತ್ತು ವರ್ಷದಿಂದ ಇದೇ ಊರಲ್ಲಿ ನೂಲು ನೂಲು ಅಂತಿದ್ದೀನಿ' ಎಂದು ಪಂಚೆ ಎತ್ತಿ ಕಟ್ಟಿಕೊಂಡು, ಹೊರಟಿದ್ದ ಬಸ್ಸಿನ ಹಿಂದೆ 'ಮಾದೇಶಾ, ಡೇ ಮಾದೇಶಾ' ಎಂದು ಕೂಗುತ್ತಾ ಓಡಿದರು. ಐವತ್ತೈದು ದಾಟಿದ ಮನುಷ್ಯ ಅಷ್ಟು ಜೋರಾಗಿ ಓಡಬಲ್ಲರೆಂದು ನನಗೆ ಗೊತ್ತಿರಲಿಲ್ಲ. ಸ್ಟ್ಯಾಂಡಿನ ಗೇಟಿನಲ್ಲಿ ಬಸ್ಸು ನಿಂತಿತು.

ಮಾದೇಶ ಇಳಿದು ಬಂದ. ಮೇಸ್ತ್ರಿ ಅವನ ಹೆಗಲ ಮೇಲೆ ಕೈ ಹಾಕಿ, ನಾಳೆ ಬಾ, ಲೇತ್ ನಿಂದೇ, ಆದ್ರೆ ನಿನ್ನ ಕೆಲ್ಸ ಇನ್ನೊಬ್ರ ಕೈಗೆ ಕೊಟ್ಟಿದ್ದು ತಪ್ಪು ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಅವನು ತಲೆಯಾಡಿಸಿದ. ನಾನು ಮೂಗು ಒರೆಸಿಕೊಳ್ಳುತ್ತಾ, 'ಮಾದೇಶಣ್ಣ, ನೀನ್ಯಾಕೆ ಹೇಳ್ಲಿಲ್ಲ?' ಎಂದೆ.

'ನೀನಿನ್ನೂ ಮಗು ಕಣವ್ವ, ನಿನ್ ಎಸ್ರು ಯೋಳಕಾಯ್ತದಾ' ಎಂದ. ಆಮೇಲೆ ನನ್ನನ್ನು ನೋಡದೆ, ಮೆಲ್ಲಗೆ ಅಂದ: 'ಆದ್ರೆ ನೀನು ಯೋಳ್ಬೇಕಾಗಿದ್ದು ಯಳಂದೂರಲ್ಲಿ. ನಕ್ಕೋರೆಲ್ಲ ಅಲ್ಲೇ ಅವ್ರೆ.'

ಆ ಎರಡು ದಿನ ನಾನು ಊಟ ಮಾಡಿದ್ದು ನೆನಪಿಲ್ಲ. ವರ್ಕ್‌ಶಾಪಿನಲ್ಲಿ ಮಾದೇಶ ಹೊಸ ರಾಡು ಕೊಯ್ದ, ಗೆರೆ ತಾನೇ ಹಾಕಿಕೊಂಡ. ನಾನು ಕೈ ಹಿಂದೆ ಕಟ್ಟಿ ನಿಂತು, ಹೇಳಬೇಕಾದ ಒಂದೇ ವಾಕ್ಯವನ್ನು ಮನಸ್ಸಿನಲ್ಲಿ ಬಾಯಿಪಾಠ ಮಾಡುತ್ತಿದ್ದೆ. ನಾನೂ ಬರುತ್ತೇನೆಂದಾಗ ಮೇಸ್ತ್ರಿ, 'ಬೇಡ ಬಿಡು ಅಮ್ಮಣಿ, ಗಿರಣಿಯವರಿಗೆ ನಾನು ಹೇಳ್ತೀನಿ' ಎಂದರು. ಆ ಮಾತಿಗೆ ಎಷ್ಟು ಆಸೆಯಾಯಿತೆಂದರೆ, ಇಲ್ಲ ಬರುತ್ತೇನೆ ಎಂದು ತಕ್ಷಣ ಹೇಳದಿದ್ದರೆ ಅಲ್ಲೇ ಉಳಿದುಬಿಡುತ್ತಿದ್ದೆ.

ಯಳಂದೂರಿನಲ್ಲಿ ಅದೇ ಜನ, ಅವೇ ಮೂಟೆ. ಮಾದೇಶ ಶಾಫ್ಟು ಎತ್ತಿ ಇಟ್ಟ. ಎರಡು ತುದಿಯೂ ಹೋಗಿ ಕೂತವು. ಬೋಲ್ಟು ಬಿಗಿದ, ಬೆಲ್ಟು ಏರಿಸಿದ. ಗಿರಣಿಯ ಯಜಮಾನರು ಕೈ ಮುಗಿದು ಸ್ವಿಚ್ಚು ಹಾಕಿದರು. ಇಡೀ ಶೆಡ್ಡು ಅದುರತೊಡಗಿತು, ತೌಡಿನ ಧೂಳು ಎದ್ದಿತು, ಜನ ಮೂಟೆ ಬಿಚ್ಚಲು ಓಡಿದರು. ಇನ್ನು ತಡಮಾಡಿದರೆ ಆಗುವುದಿಲ್ಲವೆಂದು ಯಜಮಾನರ ಮುಂದೆ ಹೋಗಿ ನಿಂತು, ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ: 'ಅವತ್ತು ಗೆರೆ ತಪ್ಪು ಹಾಕಿದ್ದು ನಾನು, ಮಾದೇಶಣ್ಣ ಅಲ್ಲ.'

ಯಜಮಾನರು ಕಿವಿಗೆ ಕೈ ಇಟ್ಟು, ಗಿರಣಿಯ ಸದ್ದಿನಲ್ಲಿ ಏನೂ ಕೇಳಿಸದೆ, 'ಆಯ್ತು ಆಯ್ತು, ಚೆನ್ನಾಗಿ ಓಡ್ತದೆ' ಎಂದು ನಕ್ಕು ತಲೆಯಾಡಿಸಿದರು. ನಿಮ್ಮ ಹತ್ತಿರ ಮುಚ್ಚಿಡುವುದೇನು, ನನಗೆ ಆದದ್ದು ಸಂತೋಷ. ಹೇಳಿಯೂ ಆಯಿತು, ಯಾರಿಗೂ ಕೇಳಿಸಲೂ ಇಲ್ಲ. ಇದಕ್ಕಿಂತ ಒಳ್ಳೆಯದು ಏನಿದೆ ಎಂದು ತಿರುಗಿ ಎರಡು ಹೆಜ್ಜೆ ಇಟ್ಟೆ.

ಮೋಟರಿನ ಬಳಿ ಬಗ್ಗಿದ್ದ ಮಾದೇಶ ಎದ್ದು ನಿಂತಿದ್ದ. ಕೈ ಒರೆಸಿಕೊಂಡು, ಗೋಡೆಯ ಹತ್ತಿರ ಹೋಗಿ, ಸ್ವಿಚ್ಚು ತೆಗೆದ. ಬೆಲ್ಟು ಪಟಪಟ ಎಂದು ನಿಧಾನವಾಗಿ, ಇನ್ನೂ ನಿಧಾನವಾಗಿ, ನಿಂತಿತು. ಮೂಟೆ ಬಿಚ್ಚುತ್ತಿದ್ದವರೆಲ್ಲ ಏನಾಯಿತೆಂದು ತಿರುಗಿ ನೋಡಿದರು. ಶೆಡ್ಡಿನಲ್ಲಿ ಒಂದು ಸದ್ದಿಲ್ಲ.

'ಇನ್ನೊಂದ್ಸಲ ಯೋಳವ್ವ' ಎಂದ ಮಾದೇಶ. 'ಅವ್ರಿಗೆ ಕೇಳ್ನಿಲ್ಲ.'

ಹೇಳಿದೆ.